ಕಡವೆಯ ಕೊರಳಿನ ಗಾಯ ಯಾಕೆ ಮಾಯುವುದಿಲ್ಲ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳಿಗೆ ಹೆಸರು ಬಿದ್ದಿರಲಿಲ್ಲ. ಹಳ್ಳಗಳು ಯಾವ ಕಡೆ ಹೋಗುವುದೆಂದು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ಹುಲಿ ಏನು ತಿನ್ನುವುದೆಂದು ಇನ್ನೂ ಯೋಚಿಸುತ್ತಿತ್ತು. ಮಾತು ಆಗ ಮನುಷ್ಯರೊಬ್ಬರ ಸೊತ್ತಾಗಿರಲಿಲ್ಲ, ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು.

ಆಗ ಕಡವೆಯ ಕೊರಳಿನಷ್ಟು ಚೆಂದದ ಜಾಗ ಕಾಡಿನಲ್ಲಿ ಇನ್ನೊಂದಿರಲಿಲ್ಲ. ಕಡವೆ ಗೊತ್ತಲ್ಲ, ಜಿಂಕೆಗಳ ಪೈಕಿ ದೊಡ್ಡದು, ಮೈಮೇಲೆ ಚುಕ್ಕೆಯಿಲ್ಲದ್ದು, ಒಣಗಿದ ಕೊಂಬೆಯಂಥ ಕೊಂಬಿರುವುದು. ಅದರ ಕೊರಳ ತುಂಬ ದಟ್ಟವಾದ ಕೂದಲು. ಚಳಿಯಾದರೆ ಮಕ್ಕಳು ಅದರೊಳಗೆ ಮುಖ ಹುದುಗಿಸಿ ನಿಲ್ಲುತ್ತಿದ್ದವು. ಕಡವೆ ಸುಮ್ಮನೆ ಮೆಲುಕು ಹಾಕುತ್ತಿತ್ತು. ಓಡುವುದು ಅಂದರೇನು ಎಂದು ಅದಕ್ಕೆ ಗೊತ್ತಿರಲಿಲ್ಲ.

ಮಳೆ ನಿಂತು ಚಳಿ ಹುಟ್ಟುವ ಹೊತ್ತಿಗೆ ಬೆಟ್ಟದ ಜನಕ್ಕೆ ಒಂದು ತಿಂಗಳು ಹೊಟ್ಟೆಗಿಲ್ಲದ ಕಾಲ. ಗೆಣಸು ಬಲಿತಿರುವುದಿಲ್ಲ, ಜೇನು ಮುಗಿದಿರುತ್ತದೆ. ಮಕ್ಕಳು ಅಳುವುದನ್ನು ಕೇಳಲಾರದೆ ಕಡವೆಗಳೇ ಒಂದು ಮಾತು ಕೊಟ್ಟವು.

"ವರ್ಷಕ್ಕೊಂದು ಸಲ ನಮ್ಮಲ್ಲಿ ಬಾಳಿ ದಣಿದವನೊಬ್ಬ ಹಳ್ಳದ ದಂಡೆಗೆ ಬಂದು ನಿಲ್ಲುತ್ತಾನೆ. ನಿಮ್ಮಲ್ಲೊಬ್ಬರು ಒಂದೇ ಬಾಣ ಬಿಡಿ. ಬಾಣದ ಅಲಗಿಗೆ ನಾವು ಉದುರಿಸಿದ ಕೊಂಬನ್ನೇ ತಗೊಳ್ಳಿ. ಆದರೆ ಮೂರು ಉಸಿರೊಳಗೆ ಮುಗೀಬೇಕು. ಒಂದು ಉಸಿರು, ಎರಡು ಉಸಿರು, ಮೂರನೆಯದು ಮುಗಿಯೋದರೊಳಗೆ ನಮ್ಮವನು ಹೋಗಿರಬೇಕು. ಹಾಗಾಗದಿದ್ದರೆ ಹೊಡೆದವನು ಹಿಂದೆಯೇ ಬಂದು ಮುಗಿಸಬೇಕು. ನಮ್ಮನ್ನ ಅರ್ಧಕ್ಕೆ ಬಿಡಬಾರದು."

ಜನ ಒಪ್ಪಿದರು. ಹಸಿದವರು ಏನನ್ನಾದರೂ ಒಪ್ಪುತ್ತಾರೆ. ಆದರೂ ಬಹಳ ವರ್ಷ ಆ ಮಾತನ್ನು ಉಳಿಸಿಕೊಂಡು ಬಂದರು, ಅದನ್ನೂ ಹೇಳಬೇಕು.

ಅಲಗು ಮಾಡುವವಳು ದುಗ್ಗಿ. ಬಾಣದ ತುದಿಗೆ ಕಟ್ಟುವ ಚೂಪಾದ ತುಂಡೇ ಅಲಗು. ಉದುರಿದ ಕೊಂಬನ್ನು ಸೀಳಿ, ಸಾಣೆಕಲ್ಲಿನ ಮೇಲೆ ದಿನಗಟ್ಟಲೆ ಉಜ್ಜಿ, ಕೂದಲನ್ನು ಮುಟ್ಟಿಸಿದರೆ ಕೂದಲು ಎರಡಾಗುವವರೆಗೂ ಅವಳು ಬಿಡುತ್ತಿರಲಿಲ್ಲ. ಅವಳು ಎರಡು ಥರದ ಅಲಗು ಮಾಡುತ್ತಿದ್ದಳು.

ಒಂದು ಬಿದಿರೆಲೆ. ನೀಳ, ಸಪೂರ, ನೋಡಲು ಏನೂ ಇಲ್ಲ. ಸಾಧಾರಣ ತೋಳಿನಿಂದ ಹೊರಟರೂ ಅದು ಪಕ್ಕೆಲುಬಿನ ಸಂದಿಯಲ್ಲಿ ತೂರಿ ಗುಂಡಿಗೆ ಮುಟ್ಟುತ್ತದೆ. ಇನ್ನೊಂದು ಮುತ್ತುಗದೆಲೆ. ಮೂರು ಬೆರಳಗಲ, ಒಳ್ಳೆ ತೂಕ, ಹಿಂಬದಿಗೆ ಎರಡು ಕೊಕ್ಕೆ. ತೋಳಿನಲ್ಲಿ ಬಲವಿದ್ದವನು ಬಿಟ್ಟರೆ ಒಂದೇ ಉಸಿರಿಗೆ ಮುಗಿಸುತ್ತದೆ. ಬಲವಿಲ್ಲದವನು ಬಿಟ್ಟರೆ ಅಷ್ಟಗಲದ ಅಲಗು ಒಳಗೆ ಹೋಗುವುದಿಲ್ಲ, ನೆಟ್ಟಗೂ ಹೋಗುವುದಿಲ್ಲ.

ಅದಕ್ಕೇ ಆ ಬೆಟ್ಟದಲ್ಲಿ ಒಂದು ಕಟ್ಟಳೆ ಇತ್ತು. ಬಿಲ್ಲು ಹಿಡಿದವನು ತನ್ನ ಅಲಗನ್ನು ತಾನೇ ಆರಿಸುವ ಹಾಗಿರಲಿಲ್ಲ. ಅವನು ಎಲ್ಲರೆದುರು ಹೆದೆಯನ್ನು ಕಿವಿಯವರೆಗೆ ಎಳೆದು ಹಿಡಿಯಬೇಕು. ದುಗ್ಗಿ ಹಿಂದೆ ನಿಂತು ಅವನ ಭುಜದ ಮೇಲೆ ಅಂಗೈ ಇಡಬೇಕು. ಭುಜ ಬಂಡೆಯ ಹಾಗೆ ನಿಂತರೆ ಮುತ್ತುಗದೆಲೆ, ಅದುರಿದರೆ ಬಿದಿರೆಲೆ. ಅವಳ ಕೈ ಹೇಳಿದ್ದೇ ಕೊನೆ.

ಮೊದಮೊದಲು ಯಾರಿಗೂ ಇದರಲ್ಲಿ ಹೆಚ್ಚು ಕಡಿಮೆ ಕಾಣಲಿಲ್ಲ. ಆಮೇಲಾಮೇಲೆ ಮುತ್ತುಗದೆಲೆ ಸಿಕ್ಕವನು ಎದೆ ಸೆಟೆಸಿ ಓಡಾಡತೊಡಗಿದ. ಬಿದಿರೆಲೆ ಸಿಕ್ಕವನನ್ನು ನೋಡಿ ಹೆಂಗಸರು ಸೆರಗಿನಲ್ಲಿ ನಕ್ಕರು. ಸಾಯುವುದು ಕಡವೆ, ಮೀಸೆ ತಿರುವುವುದು ಇವರು.

ದುಗ್ಗಿಯ ಗಂಡ ಬೈರ ಇದ್ದಷ್ಟು ದಿನ ಮುತ್ತುಗದೆಲೆಯನ್ನೇ ಬಿಟ್ಟವನು. ಜೇನು ಕೀಳಲು ಹೋಗಿ ಬಂಡೆಯಿಂದ ಬಿದ್ದು ತೀರಿಕೊಂಡ. ಉಳಿದವನು ಮಗ ಕೆಂಚ. ಮುಖ ಅಪ್ಪನದು, ನಡಿಗೆ ಅಪ್ಪನದು. ತೋಳು ಮಾತ್ರ ಅಪ್ಪನದಲ್ಲ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಅವನ ಬಲಭುಜ ಜಾರಿತ್ತು, ಆಮೇಲೆ ಸರಿಯಾಗಿ ಕೂರಲೇ ಇಲ್ಲ. ಅದು ಗೊತ್ತಿದ್ದದ್ದು ಅವನಿಗೆ ಮತ್ತು ಅವ್ವನಿಗೆ.

ಆ ವರ್ಷ ಬಿಲ್ಲು ಹಿಡಿಯುವ ಸರದಿ ಕೆಂಚನದು. ಮಳೆಗಾಲವಿಡೀ ಅವನು ಬಾಳೆದಿಂಡಿಗೆ ಬಿದಿರೆಲೆಯ ಬಾಣ ಬಿಟ್ಟು ಪಳಗಿದ್ದ. ಇಪ್ಪತ್ತು ಹೆಜ್ಜೆಯಿಂದ ಬಿಟ್ಟರೆ ಒಂದೂ ತಪ್ಪುತ್ತಿರಲಿಲ್ಲ. ದುಗ್ಗಿ ನೋಡಿ ಹಿಗ್ಗಿದ್ದಳು. ಅದೇ ಬಾಣವನ್ನು ತಗೊಂಡು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಲಗು ಆರಿಸುವ ದಿನ ಆಚೆ ಬೆಟ್ಟದ ಬೊಮ್ಮ ಬಂದ. ಮಗಳು ಚಿಕ್ಕೀರಿಯನ್ನು ಕೆಂಚನಿಗೆ ಕೊಡಬೇಕೆಂದು ಅವನ ಯೋಚನೆ. ಹುಡುಗನನ್ನು ನೋಡಲು ಬಂದವನು ಮೊದಲು ನೋಡಿದ್ದು ದುಗ್ಗಿಯ ಮುಂದೆ ಹರಡಿದ್ದ ಅಲಗುಗಳನ್ನು.

"ದುಗ್ಗವ್ವ, ಬೈರಣ್ಣ ಇದನ್ನೇ ಅಲ್ವ ಬಿಡ್ತಿದ್ದದ್ದು?" ಎಂದು ಅವನು ಮುತ್ತುಗದೆಲೆಯನ್ನು ಎತ್ತಿ ಬಿಸಿಲಿಗೆ ಹಿಡಿದ. "ಮಗನೂ ಹಂಗೇ ಇರ್ಬೇಕು, ಬುಡಿ. ಬಿದಿರೆಲೆಯೋರಿಗೆ ನಾನು ಹೆಣ್ಣು ಕೊಡಾಕಿಲ್ಲ ಅಂತ ನಮ್ಮೋರ್ಗೆಲ್ಲ ಹೇಳ್ಬುಟ್ಟಿದೀನಿ."

ನಗುತ್ತಲೇ ಹೇಳಿದ. ಸುತ್ತ ಇದ್ದವರೂ ನಕ್ಕರು.

ಕೆಂಚ ಹೆದೆ ಎಳೆದು ಹಿಡಿದ. ದುಗ್ಗಿ ಹಿಂದೆ ನಿಂತು ಅಂಗೈ ಇಟ್ಟಳು. ನೊಣ ಕೂತಾಗ ಕರುವಿನ ತೊಗಲು ಅದುರುತ್ತದಲ್ಲ, ಮಗನ ಭುಜ ಅವಳ ಕೈಕೆಳಗೆ ಹಾಗೆ ಅದುರಿತು. ಅವನು ತಿರುಗಲಿಲ್ಲ.

"ಅವ್ವ," ಎಂದ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ಅಪ್ಪಂದೇ ಕೊಡವ್ವ."

ಬಿದಿರೆಲೆ ಎಂದು ಅವಳ ಕೈ ಹೇಳಿತು. ಅವಳು ಬೊಮ್ಮನ ಮುಖ ನೋಡಿದಳು, ಮಗನ ಬೆವೆತ ಕತ್ತು ನೋಡಿದಳು.

"ಅಪ್ಪನ ತೋಳೇ ಕಣಪ್ಪ ಇವಂದು," ಎಂದು ಗಟ್ಟಿಯಾಗಿ ಹೇಳಿ ಮುತ್ತುಗದೆಲೆಯನ್ನು ಕೊಟ್ಟಳು. ಎಲ್ಲರೂ ಹೋ ಎಂದರು. ದುಗ್ಗಿಗೂ ಆ ಹೊತ್ತು ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಮರುದಿನ ಬಿಸಿಲು ಏರುವ ಹೊತ್ತಿಗೆ ಹಿರಿಯ ಕಡವೆಯೊಂದು ಹಳ್ಳದ ದಂಡೆಗೆ ಬಂದು ನಿಂತಿತು. ಜನರನ್ನೆಲ್ಲ ಒಮ್ಮೆ ನೋಡಿತು. ಪಕ್ಕೆಯನ್ನು ಇತ್ತ ತಿರುಗಿಸಿತು. ಬಾಣಕ್ಕೆ ದಾರಿಯಾಗಲಿ ಎಂದು ಮುಂಗಾಲನ್ನು ಒಂದು ಹೆಜ್ಜೆ ಮುಂದಿಟ್ಟು ಕಣ್ಣು ಮುಚ್ಚಿತು.

ಕೆಂಚ ಮುಂಗಾಲಿನ ಹಿಂದಕ್ಕೇ ಗುರಿ ಹಿಡಿದ. ಗುರಿಯಲ್ಲಿ ತಪ್ಪಿರಲಿಲ್ಲ. ಆದರೆ ಆ ತೋಳಿಗೆ ಆ ಅಲಗು ಭಾರ, ಬಾಣ ಸೋತುಕೊಂಡೇ ಹೊರಟಿತು. ಹಳ್ಳದ ಮೇಲೆ ಆಡುತ್ತಿದ್ದ ಗಾಳಿ ಅದನ್ನು ನೋಡಿತು. ಅಗಲವಾಗಿದೆ, ಮೆಲ್ಲಗೆ ಬರುತ್ತಿದೆ, ಎಲೆಯೇ ಇರಬೇಕು ಎಂದುಕೊಂಡಿತು. ಎಲೆ ಕಂಡರೆ ಗಾಳಿ ಸುಮ್ಮನಿರುತ್ತದೆಯೇ, ಹಿಡಿದು ಪಕ್ಕಕ್ಕೆ ತಳ್ಳಿತು.

ಬಾಣ ಕೊರಳಿಗೆ ನಾಟಿತು, ಮಕ್ಕಳು ಮುಖ ಇಡುತ್ತಿದ್ದ ಜಾಗಕ್ಕೇ.

ಒಂದು ಉಸಿರು. ಎರಡು ಉಸಿರು. ಮೂರು ಉಸಿರು. ನಾಲ್ಕು. ಐದು. ಕಡವೆ ಕಣ್ಣು ಬಿಟ್ಟಿತು. ಓಡಬೇಕೆಂದು ಅದಕ್ಕೆ ಹೊಳೆಯಲೇ ಇಲ್ಲ, ಏನೋ ತಪ್ಪಾಗಿದೆ, ಸರಿ ಮಾಡುತ್ತಾರೆ ಎಂಬಂತೆ ಜನರನ್ನೇ ನೋಡುತ್ತ ನಿಂತಿತು. ಯಾರೂ ಅಲುಗಲಿಲ್ಲ. ಆಮೇಲೆ ನೋವು ತಡೆಯಲಾರದೆ ಅದು ಓಡಿತು. ಲೋಕದಲ್ಲಿ ಕಡವೆ ಓಡಿದ್ದು ಅದೇ ಮೊದಲು.

"ಹೋಗು ಮಗ, ಹಿಂದೆ ಹೋಗು," ಎಂದಳು ದುಗ್ಗಿ. "ಮುಗಿಸ್ದೆ ಬರ್ಬೇಡ."

ಕೆಂಚ ಹೋದ. ರಕ್ತದ ಗುರುತು ಹಿಡಿದು ಹೋದವನಿಗೆ ಹಳ್ಳದಲ್ಲಿ ಗುರುತು ತಪ್ಪಿತು. ಕೊಳೆ ಬಿದ್ದರೆ ತೊಳೆಯುವುದು ಹಳ್ಳದ ಕೆಲಸ, ಅದು ತೊಳೆದಿತ್ತು. ಆಚೆ ದಡದಲ್ಲಿ ಸ್ವಲ್ಪ ಹುಡುಕಿದ್ದರೆ ಸಿಗುತ್ತಿತ್ತೋ ಏನೋ. ಮಾರನೆಯ ದಿನ ಮಧ್ಯಾಹ್ನ ಅವನು ವಾಪಸು ಬಂದ.

"ಸತ್ತೋಯ್ತು," ಎಂದ. "ದೊಡ್ಡ ಕಮರಿಗೆ ಬಿತ್ತು. ಇಳ್ದು ನೋಡ್ದೆ. ಎತ್ತಾಕಾಗ್ನಿಲ್ಲ."

ದುಗ್ಗಿ ಅವನ ಕಾಲು ನೋಡಿದಳು. ಆ ಕಮರಿಗೆ ಇಳಿದು ಬಂದವರ ಕಾಲಲ್ಲಿ ಜಿಗಣೆ ಕಚ್ಚಿದ ಗುರುತು ಹತ್ತಾದರೂ ಇರಬೇಕು. ಕೆಂಚನ ಕಾಲು ನುಣ್ಣಗಿತ್ತು. ಅವಳು ಸೊಪ್ಪಿನ ಗಂಜಿ ಬಡಿಸಿದಳು. ಕಮರಿಗೆ ಬಿದ್ದರೆ ಹುಡುಗ ಏನು ಮಾಡಿಯಾನು, ಹೊಡೆದದ್ದಂತೂ ಮುತ್ತುಗದೆಲೆ ತಾನೇ ಎಂದ ಬೊಮ್ಮ. ಮದುವೆ ಗೊತ್ತಾಯಿತು.

ಎಂಟನೆಯ ದಿನ ಜನರೆಲ್ಲ ಎಳೆ ಗೆಡ್ಡೆಯಾದರೂ ಸಿಗಲಿ ಎಂದು ಅಗೆಯಲು ಹೋಗಿದ್ದರು. ದುಗ್ಗಿ ಒಬ್ಬಳೇ ಸಾಣೆಕಲ್ಲಿನ ಮುಂದೆ ಕೂತಿದ್ದಳು. ಕಲ್ಲಿನ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಅದೇ ಕಡವೆ. ಬಾಣದ ಕಡ್ಡಿ ಮುರಿದಿತ್ತು, ಅಲಗು ಕೊರಳಲ್ಲೇ ಇತ್ತು. ಗಾಯದ ಸುತ್ತ ಕೂದಲೆಲ್ಲ ಉದುರಿತ್ತು.

"ಇದು ನೀನು ಮಾಡಿದ್ದು," ಎಂದಿತು ಕಡವೆ. "ನೀನೇ ತೆಗಿ."

ದುಗ್ಗಿ ಹಿಡಿದು ಎಳೆದಳು. ಬರಬಾರದೆಂದೇ ಮಾಡಿದ ಕೊಕ್ಕೆ ಅದು, ಅವಳ ಕೆಲಸದಲ್ಲಿ ಕೊರತೆ ಇರಲಿಲ್ಲ. ಮಾಂಸ ಹರಿದುಕೊಂಡು ಬಂತು. ಕಡವೆ ಕೂಗಲಿಲ್ಲ. ದುಗ್ಗಿಯೇ ಅತ್ತಳು.

"ಗಾಳಿ ತಳ್ಬುಡ್ತಪ್ಪ," ಎಂದಳು.

"ಗಾಳೀನ ಕೇಳಿದೆ. ಎಲೆ ಅಂದುಕೊಂಡೆ ಅಂತು. ಅದಕ್ಕೆ ಗೊತ್ತಿರಲಿಲ್ಲ."

"ಹಳ್ಳ ಗುರುತೆಲ್ಲ ತೊಳ್ದುಬುಡ್ತು. ನನ್ನ ಮಗನ್ಗೆ ದಾರಿ ಕಾಣ್ನಿಲ್ಲ."

"ಹಳ್ಳಾನೂ ಕೇಳಿದೆ. ಬಂದಿದ್ದನ್ನ ತೊಳೆದೆ ಅಂತು. ಅದಕ್ಕೂ ಗೊತ್ತಿರಲಿಲ್ಲ." ಕಡವೆ ಅವಳ ಅಂಗೈಯನ್ನು ನೋಡಿತು. "ನಿನ್ನ ಕೈಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಕೇಳಿಸಿಕೊಳ್ಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ. "ಗೊತ್ತಿತ್ತು," ಎಂದಳು ದುಗ್ಗಿ. "ಅರಿಸಿನ ಅರೆದು ಹಾಕ್ತೀನಿ. ಸೊಪ್ಪು ಕಟ್ತೀನಿ. ವಾಸಿಯಾಯ್ತದೆ."

"ಗೊತ್ತಿಲ್ಲದೆ ಆಗಿದ್ದರೆ ವಾಸಿಯಾಗ್ತಿತ್ತು," ಎಂದಿತು ಕಡವೆ. "ಇದು ಹೀಗೇ ಇರಲಿ. ಇನ್ನು ನಾವು ಬಂದು ನಿಲ್ಲೋದಿಲ್ಲ. ನಮ್ಮ ಮರಿಗಳಿಗೆಲ್ಲ ಓಡೋದು ಕಲಿಸ್ತೀನಿ. ಉದುರಿದ ಕೊಂಬನ್ನ ಮುಳ್ಳುಹಂದಿಗೆ ಬಿಡ್ತೀವಿ, ಅದೇ ಕಡಿದು ತಿನ್ನಲಿ. ನಿನ್ನ ಜೊತೆ ಆಡಿದ್ದೇ ಕೊನೆಯ ಮಾತು."

ಅಷ್ಟರಲ್ಲಿ ಪಕ್ಕದ ಗುಡಿಸಲಿನಲ್ಲಿ ಮಲಗಿದ್ದ ಪುಟ್ಟ ಹೆಣ್ಣುಮಗುವೊಂದು ಎದ್ದು, ಕಡವೆಯನ್ನು ಕಂಡು, ಎಂದಿನ ಹಾಗೆ ಎರಡೂ ಕೈ ಚಾಚಿಕೊಂಡು ಓಡಿ ಬಂತು. ಕಡವೆ ಬೆಚ್ಚಿ ಹಿಂದೆ ಸರಿಯಿತು. ತಿರುಗಿ ಪೊದೆಯೊಳಗೆ ಹೋಗಿಬಿಟ್ಟಿತು. ಮಗು ಕೈ ಚಾಚಿಕೊಂಡೇ ನಿಂತಿತ್ತು. ದುಗ್ಗಿಗೆ ಅದನ್ನು ಎತ್ತಿಕೊಳ್ಳುವ ಧೈರ್ಯವಾಗಲಿಲ್ಲ.

ಆ ಸಂಜೆ ಅವಳು ಮುತ್ತುಗದೆಲೆಯನ್ನು ತೊಳೆದು ಮಗನ ಗಂಜಿಯ ಪಕ್ಕದಲ್ಲಿಟ್ಟಳು. ಕೆಂಚನಿಗೆ ಗುರುತು ಸಿಕ್ಕಿತು. ಆಮೇಲೆ ತಲೆ ತಗ್ಗಿಸಿಕೊಂಡು ಉಂಡ. ಆ ಮನೆಗೆ ಸೊಸೆ ಬಂದಳು, ಮೊಮ್ಮಕ್ಕಳು ಬಂದರು, ಕಮರಿಯ ಮಾತು ಮಾತ್ರ ಬರಲಿಲ್ಲ.

ಮುಂದಿನ ವರ್ಷ ಬಿಲ್ಲು ಹಿಡಿದವನ ಭುಜದ ಮೇಲೆ ದುಗ್ಗಿ ಕೈಯಿಟ್ಟು, "ಅದುರ್ತಾ ಐತೆ, ಬಿದಿರೆಲೆ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆಮೇಲೆ ಮಗನ ಕಡೆ ತಿರುಗಿ, "ಹೋದ್ವರ್ಸ ಇವಂದೂ ಅದುರಿತ್ತು," ಎಂದಳು. ಬೊಮ್ಮ ನೆಲ ನೋಡಿದ. ಕೆಂಚ ಎದ್ದು ಹೊರಗೆ ಹೋದ. ನಿಜವನ್ನೇನೋ ಹೇಳಿದಳು, ಹೇಳಬೇಕಾದ ದಿನ ಹೇಳಲಿಲ್ಲ.

ಜನ ಹಳ್ಳದ ದಂಡೆಯಲ್ಲಿ ಬಿಸಿಲು ಏರುವವರೆಗೆ ಕಾದರು, ಇಳಿಯುವವರೆಗೆ ಕಾದರು. ಹಳ್ಳವನ್ನು ಕೇಳಿದರು, ಗಾಳಿಯನ್ನು ಕೇಳಿದರು. ಎರಡೂ ಬಾಯಿ ಬಿಡಲಿಲ್ಲ. ಕಡವೆ ಬರಲಿಲ್ಲ. ಆ ಚಳಿಗೆ ಮಕ್ಕಳು ಹಸಿದುಕೊಂಡೇ ಮಲಗಿದವು. ದುಗ್ಗಿ ಮಾತ್ರ ಬದುಕಿರುವವರೆಗೂ ಪ್ರತಿ ವರ್ಷ ಆ ದಿನ ಹೋಗಿ, ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ದಂಡೆಯಲ್ಲಿ ಕೂತು ಬರುತ್ತಿದ್ದಳು.

ಅದಕ್ಕೇ ಮಗು, ಕಡವೆ ಈಗ ನಮ್ಮನ್ನು ಕಂಡರೆ ಮೊದಲು ಮೂಗೆತ್ತಿ ಗಾಳಿಯನ್ನು ಮೂಸುತ್ತದೆ, ನೆಲಕ್ಕೆ ಕಾಲು ಬಡಿಯುತ್ತದೆ, ಓಡುತ್ತದೆ. ಮರಿಯಾಗಿದ್ದಾಗ ಅದರ ಕೊರಳು ನುಣ್ಣಗೇ ಇರುತ್ತದೆ. ಬೆಳೆದು ದೊಡ್ಡದಾದ ಮೇಲೆ ಕೊರಳಡಿಯಲ್ಲಿ ಅಂಗೈಯಗಲ ಕೂದಲು ಉದುರುತ್ತದೆ, ಮತ್ತು ಮಳೆ ನಿಂತು ಚಳಿ ಹುಟ್ಟುವ ಹೊತ್ತಿಗೆ, ಯಾರೂ ಬಾಣ ಬಿಡದಿದ್ದರೂ, ಆ ಜಾಗ ಕೆಂಪಗಾಗಿ ಇವತ್ತಿಗೂ ಒಸರುತ್ತದೆ.