ಕಳ್ಳಿ ಯಾಕೆ ಎಲೆ ಉದುರಿಸಿತು

ಭೂಮಿಯ ಮೈ ಇನ್ನೂ ಹಸಿ. ಬೆಟ್ಟಗಳು ಆಗತಾನೆ ಎದ್ದು ಕೂತಿದ್ದವು. ಆಗ ಕಳ್ಳಿಗೆ ಬಾಳೆಯಂಥ ಅಗಲದ ಎಲೆಗಳಿದ್ದವು, ಮೈತುಂಬ.

ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಕಳ್ಳಿ ಈ ಪದ್ಧತಿ ಬಿಟ್ಟವಳಲ್ಲ. ಅವಳಿಗೆ ಒಂದೊಂದು ಎಲೆಯೂ ಒಂದೊಂದು ಬಾಗಿಲು. ಬಿಸಿಗಾಳಿ ಬಂದು, "ದೊಡ್ಡಮ್ಮಾ, ಗಂಟಲು ಒಣಗಿದೆ" ಅನ್ನುತ್ತಿತ್ತು. ಕುಡಿಯುತ್ತಿತ್ತು. ಪಕ್ಕದ ಎಲೆಗೆ ಹೋಗಿ ಮತ್ತೆ, "ದೊಡ್ಡಮ್ಮಾ, ಗಂಟಲು ಒಣಗಿದೆ." ಅಲ್ಲೂ ಕುಡಿಯುತ್ತಿತ್ತು.

ಮಳೆ ಬರುತ್ತಿತ್ತು, ಹೇಗೋ ನಡೆಯಿತು. ಆಮೇಲೊಂದು ವರ್ಷ ಮೋಡ ಈ ಕಡೆ ತಲೆ ಹಾಕಲೇ ಇಲ್ಲ. ನೆಲ ಬಿರಿಯಿತು. ಕಳ್ಳಿಯ ಬೇರಿನಿಂದ ಆಗಷ್ಟೇ ಒಂದು ಮರಿ ಚಿಗುರಿತ್ತು, ಬೆರಳುದ್ದ. ಬೆಳಿಗ್ಗೆ ನೆಟ್ಟಗಿದ್ದ ಅದರ ತಲೆ ಮಧ್ಯಾಹ್ನಕ್ಕೆ ಬಾಗುತ್ತಿತ್ತು.

"ಅವ್ವಾ, ನೀರು."

"ತಡಿ ಮಗಾ, ಬೇರು ಹುಡುಕ್ತಾ ಇದೆ."

ಬೇರು ಎಲ್ಲಿಂದಲೋ ಒಂದು ಹನಿ ತರುತ್ತಿತ್ತು. ಮರಿಗೆ ಮುಟ್ಟುವ ಮೊದಲೇ ಬಾಗಿಲಲ್ಲಿ ಗಾಳಿ: "ದೊಡ್ಡಮ್ಮಾ..."

ಬಂಡೆಯ ಮೇಲಿದ್ದ ಓತಿಕ್ಯಾತ ತಲೆ ಅಲ್ಲಾಡಿಸಿತು. "ಅಕ್ಕಾ, ಇಷ್ಟೊಂದು ಬಾಗಿಲು ಯಾವ ಅರಮನೆಗೆ? ಎಲ್ಲಾ ಮುಚ್ಚು. ನನ್ನ ತೊಗಲು ನೋಡು, ಒಂದು ಹನಿ ಹೊರಗೆ ಬಿಡುತ್ತಾ?"

"ಎಲೆ ಹೋದ್ರೆ ಬಿಸಿಲು ಹಿಡಿದು ಹೊಟ್ಟೆಗೆ ಅಡುಗೆ ಎಲ್ಲಿ ಮಾಡ್ಲೋ ಕ್ಯಾತ?"

"ಕಾಂಡದ ಮೇಲೆ ಮಾಡು."

"ಯಾರಾದ್ರೂ ಕಾಂಡದ ಮೇಲೆ ಅಡುಗೆ ಮಾಡ್ತಾರೇನೋ! ಆಗದೇ ಹೋದ್ರೆ?"

"ಆಗದೇ ಹೋದ್ರೆ ನೀನು ಸಾಯ್ತೀಯ. ಸುಮ್ನಿದ್ರೆ ಮರಿ ಸಾಯುತ್ತೆ."

ಕಳ್ಳಿ ಮರಿಯ ಕಡೆ ನೋಡಿದಳು. ಅದು ನೀರು ಕೇಳುವುದನ್ನೂ ನಿಲ್ಲಿಸಿತ್ತು.

ಕಣ್ಣು ಮುಚ್ಚಿ ಮೈ ಕೊಡವಿದಳು. ಎಲೆಗಳು ದಬದಬ ಬಿದ್ದವು.

ಗಾಳಿ ಬಂತು. ಮೇಲಿಂದ ಕೆಳಗೆ ತಡಕಿತು. "ದೊಡ್ಡಮ್ಮಾ?" ಒಂದು ಬಾಗಿಲೂ ಸಿಗಲಿಲ್ಲ. ಗಾಳಿ ಸುತ್ತಿ ಸುತ್ತಿ, ಮುಖ ಊದಿಸಿಕೊಂಡು ಹೋಯಿತು.

ಇನ್ನು ಹಸಿವು. ಕಂದು ಕಾಂಡವನ್ನು ಬಿಸಿಲಿಗೆ ಒಡ್ಡಿ ನಿಂತಳು. ಮೊದಲ ದಿನ ಅಡುಗೆ ಆಗಲಿಲ್ಲ. ಮರುದಿನವೂ ಆಗಲಿಲ್ಲ. ತಲೆ ಸುತ್ತಿ ಬರುವ ಹೊತ್ತಿಗೆ ಕಾಂಡದ ಅಂಚಿನಲ್ಲಿ ಸಣ್ಣಗೆ ಹಸಿರು ಹತ್ತಿತು, ಹತ್ತಿದ್ದು ಮೈಯೆಲ್ಲ ಹರಡಿತು, ಅಡುಗೆ ಶುರುವಾಯಿತು. ಬೇರು ತಂದ ಹನಿ ಹೊರಗೆ ಹೋಗದೆ ಒಳಗೇ ನಿಂತು ಕಾಂಡ ದಪ್ಪಗಾಯಿತು. ನೀರು ಅಲ್ಲಿಂದ ಇಳಿದು ಮರಿಗೆ ಮುಟ್ಟಿತು.

ಮರಿ ಮೆಲ್ಲಗೆ ತಲೆ ಎತ್ತಿತು. "ಅವ್ವಾ, ನಿನ್ನ ಎಲೆ ಎಲ್ಲಿ?"

"ಶ್, ಮಾತಾಡಬೇಡ. ಗಾಳಿಗೆ ಕೇಳುತ್ತೆ."

ಅದಕ್ಕೇ ನೋಡು, ಬೇಲಿಯ ಕಳ್ಳಿ ಮಳೆ ಬಿದ್ದಾಗ ತುದಿಯಲ್ಲಿ ನಾಲ್ಕು ಎಲೆ ಬಿಡುತ್ತದೆ, ಬಿಸಿಲು ಏರಿತೋ ಇಲ್ಲವೋ ಗಾಳಿಗೆ ಹೆದರಿ ಉದುರಿಸಿಬಿಡುತ್ತದೆ.