ಇಳಿಯುವ ಹೊಲ

"ಅಜ್ಜನವರೇ, ನಾನು ಕುಡಿತ ಬಿಟ್ಟು ಆರು ವರ್ಷವಾಯಿತು. ಇನ್ನೂ ಹಳೆಯ ಗೆಳೆಯರ ಕೂಟಕ್ಕೆ ಹೋಗಬಾರದೇ?" ಎಂದು ಶಿಷ್ಯ ಫಕೀರಪ್ಪ ಗುರುಗಳನ್ನು ಕೇಳಿದ. ಗೆಳೆಯನೊಬ್ಬನ ತೋಟದ ಮನೆಯಲ್ಲಿ ಅಂದು ಸಂಜೆ ಊಟವಿತ್ತು. ಕುಡಿಯುವವರು ಕುಡಿಯಲಿ, ತಾನು ಊಟ ಮಾಡಿ ಅಲ್ಲೇ ಮಲಗಿ ಬೆಳಿಗ್ಗೆ ಬಂದರಾಯಿತು ಎಂದುಕೊಂಡಿದ್ದ. ಇನ್ನೊಂದು ಸಲ ಕುಡಿದರೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದು ಅವನ ಹೆಂಡತಿ ಹೇಳಿದ್ದು ಅಜ್ಜನವರಿಗೂ ಗೊತ್ತಿತ್ತು.

ಅಜ್ಜನವರು ಹೇಳಿದರು:

ಎಂಜಿನ್ ಇಲ್ಲದ ವಿಮಾನ ಇರುತ್ತದಲ್ಲ, ಗ್ಲೈಡರ್, ಅದನ್ನು ಹಾರಿಸುವವನೊಬ್ಬನಿದ್ದ. ಗಾಳಿ ಬೆಟ್ಟಕ್ಕೆ ಬಡಿದು ಮೇಲೇಳುತ್ತದೆ. ಆ ಗಾಳಿ ಹಿಡಿದು ಬೆಟ್ಟದ ಮಗ್ಗುಲಲ್ಲೇ ಹೋಗಿಬರುತ್ತ ಹಾರುವುದು ಗ್ಲೈಡರಿನವರ ಪದ್ಧತಿ. ಬಂಡೆಗೆ ಹತ್ತಿರವಾದಷ್ಟೂ ಗಾಳಿ ಚೆನ್ನ. ತೊಂದರೆ ಇರುವುದೂ ಅಲ್ಲೇ.

ಅವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ಹಾರುವ ಮೊದಲು ಪ್ರತಿಯೊಬ್ಬರೂ ಬಯಲಿನ ಕಡೆ ಕೈಮಾಡಿ, ಗಾಳಿ ಕೈಕೊಟ್ಟರೆ ನಾನು ಇಳಿಯುವ ಹೊಲ ಅದು ಎಂದು ತೋರಿಸಬೇಕು. ಆ ಹೊಲ ಮುಟ್ಟುವಷ್ಟು ಎತ್ತರ ಇರುವಾಗಲೇ ಬೆಟ್ಟ ಬಿಟ್ಟು ಬರಬೇಕು.

ನಮ್ಮವನು ಹದಿನೆಂಟು ವರ್ಷ ಅದೇ ಬೆಟ್ಟದಲ್ಲಿ ಹಾರಿದವನು. ಒಂದು ದಿನ ಹೊಸಬಳೊಬ್ಬಳು ತನ್ನ ಹೊಲ ತೋರಿಸಿ, "ನಿಮ್ಮದು ಯಾವುದು, ಸರ್?" ಎಂದು ಕೇಳಿದಳು.

"ನನಗೆ ಹೊಲ ಯಾಕಮ್ಮಾ? ಈ ಬೆಟ್ಟ ನನ್ನ ಮನೆಯ ಹಿತ್ತಲಿದ್ದ ಹಾಗೆ," ಎಂದು ಅವನು ನಕ್ಕ. ಜಂಬದ ಮನುಷ್ಯನಲ್ಲ, ಒಳ್ಳೆಯವನು. ಅದಕ್ಕೇ ಯಾರೂ ಒತ್ತಾಯ ಮಾಡಲಿಲ್ಲ.

ಮಧ್ಯಾಹ್ನ ಗಾಳಿ ಸೋತಿತು. ಆಕೆ ಕೂಡಲೇ ಬೆಟ್ಟಕ್ಕೆ ಬೆನ್ನು ಹಾಕಿ ಬಂದು, ಶೇಂಗಾ ಕಿತ್ತ ಹೊಲದಲ್ಲಿ ಇಳಿದಳು. ಊರವರು ನೆರೆದು ನಗೆಯಾಡಿದರು, ಆಮೇಲೆ ಅವರೇ ವಿಮಾನ ತಳ್ಳಿಕೊಟ್ಟರು. ಹೋದದ್ದು ಒಂದಿಷ್ಟು ಮರ್ಯಾದೆ, ಅಷ್ಟೇ.

ಅವನು ಇನ್ನೊಂದು ಸುತ್ತು ನೋಡೋಣ ಎಂದುಕೊಂಡ. ಬಂಡೆಯ ಹತ್ತಿರ ಸರಿದಾಗ ಸ್ವಲ್ಪ ಗಾಳಿ ಸಿಕ್ಕಿತು. ಮತ್ತೊಂದು ಸುತ್ತು ಹಾಕಿದ. ಆಗ ಸಿಗಲಿಲ್ಲ. ಬಯಲಿನ ಕಡೆ ತಿರುಗುವ ಹೊತ್ತಿಗೆ ಹೊಲಗಳನ್ನು ಮುಟ್ಟುವಷ್ಟು ಎತ್ತರ ಉಳಿದಿರಲಿಲ್ಲ. ಬೆಟ್ಟದ ಬುಡದ ಕಲ್ಲುಗಳ ಮೇಲೆ ಬಿದ್ದ. ಬದುಕಲಿಲ್ಲ. ಅವನನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕತೆ ಮುಗಿಯಿತು. "ಪಾಪ, ಒಂದು ಹೊಲ ನೋಡಿಟ್ಟುಕೊಂಡಿದ್ದರೆ ಸಾಕಿತ್ತು," ಎಂದ ಫಕೀರಪ್ಪ.

"ಹೌದಪ್ಪಾ," ಎಂದರು ಅಜ್ಜನವರು. "ಆ ತೋಟದ ಮನೆಯಿಂದ ಊರಿಗೆ ಕಡೆಯ ಬಸ್ಸು ಎಷ್ಟು ಗಂಟೆಗೆ?"

ಫಕೀರಪ್ಪ ಅದನ್ನು ವಿಚಾರಿಸಿರಲಿಲ್ಲ. ರಾತ್ರಿ ಅಲ್ಲೇ ಮಲಗುವವನಿಗೆ ಬಸ್ಸು ಯಾಕೆ ಎಂದುಕೊಂಡಿದ್ದ.