ಕುಸ್ಲಿ ತುಳಿದ ಒಡ್ಡು

ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಇನ್ನೂ ಹುಟ್ಟದ ಕಾಲ. ಹೊಳೆ ಸಮುದ್ರ ಸೇರುವಲ್ಲಿ ಒಂದು ಊರಿತ್ತಂತೆ. ಊರ ಮುಂದೆ ಗಜನಿ, ಅಂದರೆ ಉಪ್ಪುನೀರಿನ ಮಗ್ಗುಲಿನ ತಗ್ಗು ಗದ್ದೆ. ಅಲ್ಲಿ ಕಗ್ಗ ಎಂಬ ಭತ್ತ ಬಿಟ್ಟರೆ ಬೇರೇನೂ ಬೆಳೆಯದು. ಗದ್ದೆಗೂ ಹೊಳೆಗೂ ನಡುವೆ ಮಣ್ಣಿನ ಒಡ್ಡು. ಆ ಒಡ್ಡಿನ ಮೇಲೆ ಕುಸ್ಲಿ ನಡೆಯುತ್ತಿದ್ದಳಂತೆ.

ಕುಸ್ಲಿ ಗಂಡನಿಲ್ಲದ ಹೆಂಗಸು. ಗಜನಿಯಲ್ಲಿ ಅವಳಿಗೊಂದು ತುಂಡು ಗದ್ದೆಯಿತ್ತು. ಎಲ್ಲಕ್ಕಿಂತ ತಗ್ಗಿನದು, ಒಡ್ಡಿಗೆ ತಾಗಿದ್ದು. ಒಡ್ಡು ಒಡೆದರೆ ಮೊದಲು ಮುಳುಗುವುದು ಅದೇ. ಹಾಗಾಗಿ ದಿನಾ ಬೆಳಿಗ್ಗೆ ಒಂದು ಮುಷ್ಟಿ ಜೇಡಿಮಣ್ಣು ಹಿಡಿದು ಬರಿಗಾಲಲ್ಲಿ ಹೊರಡುತ್ತಿದ್ದಳಂತೆ. ಹಿಮ್ಮಡಿಗೆ ಮೆತ್ತಗೆ ತಾಗಿದಲ್ಲಿ ನಿಲ್ಲುವಳು. ಅಲ್ಲಿ ಏಡಿಯ ಬಿಲ ಇರುತ್ತಿತ್ತು. ಮಣ್ಣು ತುಂಬಿ, ತುಳಿದು, ಮುಂದೆ ಹೋಗುವಳು.

ಬಲೆ ಬೀಸುವ ಗಣಪು ಹೊಳೆಯಿಂದಲೇ ಕೂಗುತ್ತಿದ್ದನಂತೆ, "ಏ ಕುಸ್ಲಿ, ಏಡಿ ಮದುವೆಗೆ ಹೊಂಟೆಯೇನೇ?"

"ಹೌದೋ. ಮದುಮಗ ಸಿಕ್ಕಿರಲಿಲ್ಲ, ನೀ ಬಂದದ್ದು ಚಲೋ ಆಯ್ತು."

ಒಂದು ಮಳೆಗಾಲ ಒಡ್ಡಿನ ನೆತ್ತಿಯಲ್ಲಿ ಅವಳ ಕಾಲುದಾರಿ ಗುಳಿಬಿತ್ತು. ಗುಳಿಯಲ್ಲಿ ನೀರು ನಿಂತಿತು. ಊರಗೌಡ ಬೊಮ್ಮು ಅದನ್ನು ನೋಡಿದ. ಕೆಟ್ಟವನಲ್ಲ, ಊರಿನ ಚಿಂತೆ ಇದ್ದವನು. ಈ ಹೆಂಗಸಿನ ಕಾಲೇ ಒಡ್ಡನ್ನು ತಿನ್ನುತ್ತಿದೆ ಅಂದುಕೊಂಡ. ಒಡ್ಡಿನ ಎರಡೂ ತುದಿಗೆ ಮುಳ್ಳು ಹಾಕಿಸಿದ. ಯಾರೂ ಹತ್ತಕೂಡದು ಅಂದ.

"ಗೌಡ್ರೆ, ತಿನ್ನೂದು ನನ್ನ ಕಾಲಲ್ಲ, ಏಡಿ," ಅಂದಳಂತೆ ಕುಸ್ಲಿ. ಯಾರೂ ಕೇಳಲಿಲ್ಲ.

ಕಾಲು ತಾಗದ ಒಡ್ಡಿನ ಮೇಲೆ ಹುಲ್ಲು ಬಂತು. ನೋಡಿದವರಿಗೆಲ್ಲ ಖುಷಿ. ಹುಲ್ಲಿನ ಅಡಿಯಲ್ಲಿ ಏಡಿಗಳಿಗೂ ಖುಷಿ.

ಕಗ್ಗ ಉಪ್ಪು ತಡೆಯುವ ಭತ್ತವೇ. ಆದರೆ ಹೂ ಬಿಟ್ಟ ಹೊತ್ತಿನಲ್ಲಿ ಹೊಳೆ ನುಗ್ಗಿದರೆ ತೆನೆಯೆಲ್ಲ ಜೊಳ್ಳು. ಆ ವರ್ಷ ಸರಿಯಾಗಿ ಹೂವಿನ ಹೊತ್ತಿಗೆ ಅಮಾವಾಸ್ಯೆಯ ಭರತ, ಅಂದರೆ ಸಮುದ್ರದ ದೊಡ್ಡ ಉಬ್ಬರ, ಬಂತಂತೆ, ಹಿಂದೆಯೇ ಗಾಳಿ. ಮಧ್ಯಾಹ್ನ ಇಳಿಯುವುದರೊಳಗೆ ಒಡ್ಡಿನ ಒಳಮೈ ಬೆವರತೊಡಗಿತು. ಗೌಡ ಬುಟ್ಟಿ ಬುಟ್ಟಿ ಮಣ್ಣು ತರಿಸಿದ. ಹಾಕುವುದೆಲ್ಲಿ? ಹುಲ್ಲಿನಲ್ಲಿ ಒಂದು ಬಿಲವೂ ಕಾಣದು. ಕುಸ್ಲಿಯ ಗದ್ದೆಯ ಮೂಲೆಯಲ್ಲಿ ಆಗಲೇ ನೀರು.

ಕುಸ್ಲಿ ಮುಳ್ಳನ್ನು ಕೈಯಿಂದಲೇ ಎಳೆದು ಬಿಸಾಡಿದಳಂತೆ. ಹತ್ತಿದಳು, ನಡೆದಳು. ಆದರೆ ಒಡ್ಡು ಉದ್ದ, ಕಾಲು ಎರಡೇ. ತಿರುಗಿ ಕೂಗಿದಳಂತೆ, "ನೋಡ್ತಾ ನಿಂತ್ರೆ ಆಗೂದಿಲ್ಲ, ತುಳೀರಿ! ಮೆತ್ತಗಾದಲ್ಲಿ ಮಣ್ಣು ಹಾಕಿ, ತುಳೀರಿ!"

ಗಣಪು ಮೊದಲು ಹತ್ತಿದ. ಆಮೇಲೆ ಹೆಂಗಸರು, ಮುದುಕರು, ಮಕ್ಕಳು. ಯಾರೋ ಮಣ್ಣಿನ ಮದ್ದಳೆ, ಗುಮಟೆ, ಬಡಿದರಂತೆ. ಆ ಬಡಿತಕ್ಕೆ ಇಡೀ ಊರು ಸಾಲಾಗಿ ಒಡ್ಡು ತುಳಿಯಿತಂತೆ. ಗೌಡನೂ ಹತ್ತಿದ. ನಡುವೆ ಅವನ ಒಂದು ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಎಳೆದುಕೊಳ್ಳಲು ಹೊರಟಾಗ ಆ ತೂತಿನಿಂದ ನೀರು ಚಿಮ್ಮಿತು.

"ಅಲ್ಲೇ ನಿಲ್ಲಿ ಗೌಡ್ರೆ! ನಿಮ್ಮಂಥ ಬೆಣೆ ಊರಲ್ಲಿ ಇನ್ನೊಂದಿಲ್ಲ!" ಅಂದಳಂತೆ ಕುಸ್ಲಿ.

ಗೌಡ ನಿಂತ. ಇಳಿತ ಬರುವವರೆಗೆ ನಿಂತನಂತೆ. ಒಡ್ಡು ಉಳಿಯಿತು. ಕುಸ್ಲಿಯ ಗದ್ದೆಯಲ್ಲಿ ಮೂಲೆಯ ಭತ್ತ ಹೋಯಿತು, ಮಿಕ್ಕದ್ದು ಕಾಳುಕಟ್ಟಿತು. ಮುಳ್ಳು ಹಾಕಿಸಿದ ಕೈಯಿಂದಲೇ ಗೌಡ ಒಡ್ಡಿನ ಗುಳಿಗೆ ಮಣ್ಣು ತುಂಬಿದನಂತೆ, ಅವಳು ನಡೆಯಲಿ ಅಂತ.

ಅವತ್ತು ಏಡಿಗಳೂ ಮುಂಗಾಲಿನ ಕೊಂಬಿನಲ್ಲಿ ಮಣ್ಣು ಹೊತ್ತು ತಂದವು ಅನ್ನುವವರಿದ್ದಾರೆ. ನಾನು ಕಂಡಿಲ್ಲ. ಒಡ್ಡು ಮಾತ್ರ ಇದೆ.

ಆ ಗಜನಿಯನ್ನು ಊರವರು ಇವತ್ತಿಗೂ ಹಾಗೇ ಉಳಿಸಿಕೊಂಡಿದ್ದಾರೆ. ಹೂ ಬಿಡುವ ಹೊತ್ತಿನ ಅಮಾವಾಸ್ಯೆಗೆ ಊರೆಲ್ಲ ಒಡ್ಡು ತುಳಿಯುತ್ತದೆ. ಗೌಡರ ಮನೆಯ ಹಿರಿಯ ಒಂದು ಕಾಲು ಕೆಸರಲ್ಲಿ ಹೂತು ನಿಲ್ಲಬೇಕು, ಮಕ್ಕಳು ನಗಬೇಕು. ಬೇರೆ ದಿನ ಹಕ್ಕಿ ನೋಡಲು, ಸುಮ್ಮನೆ ನಡೆಯಲು ದೂರದವರು ಬರುತ್ತಾರೆ. ಒಡ್ಡು ಶುರುವಾಗುವಲ್ಲಿ ಜೇಡಿಮಣ್ಣಿನ ಗುಡ್ಡೆಯಿದೆ. ಚಪ್ಪಲಿ ಬಿಟ್ಟು, ಒಂದು ಮುಷ್ಟಿ ಹಿಡಿದು ಹೊರಡಬೇಕು. ಆ ತುದಿ ಮುಟ್ಟಿ ಬಂದವರ ಕೈಯಲ್ಲಿ ಮಣ್ಣು ಹಾಗೇ ಇದ್ದರೆ, ಅಲ್ಲಿ ಕೂತ ಅಜ್ಜಿಯರು ಬಿಡುವುದಿಲ್ಲ.

"ನೀವು ಗಾಳಿಗೆ ಹೋಗಿ ಬಂದ್ರಿ. ಇನ್ನೊಮ್ಮೆ ಹೋಗಿ, ಈ ಸಲ ನಡೀರಿ."